ಹೊಲಿಗೆ ಬಾರದವಳು

ನನಗೆ ಹೊಲಿಯಲು ಬರುವುದಿಲ್ಲ. ಕಿತ್ತುಹೋದ ಗುಂಡಿ ಹಾಕಲೂ ಬರುವುದಿಲ್ಲ. ಸೂಜಿಗೆ ದಾರ ಪೋಣಿಸು ಎಂದರೆ ದಾರದ ತುದಿ ಬೆರಳಲ್ಲಿ ನಡುಗುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ. ಆಸ್ಪತ್ರೆಯಲ್ಲಂತೂ ನಗುತ್ತಾರೆ. ‘ದಬ್ಬಣದಮ್ಮನ ಮಗಳಿಗೆ ಹೊಲಿಗೆ ಬರಲ್ವಂತೆ, ಕೇಳಿದ್ರಾ?’

ದಬ್ಬಣದಮ್ಮ ಎಂದರೆ ನನ್ನ ಅಮ್ಮ. ಹೆಣದ ಕೋಣೆಯಲ್ಲಿ ಅವಳ ಕೆಲಸ. ಡಾಕ್ಟರು ಕೊಯ್ದು, ನೋಡಬೇಕಾದದ್ದನ್ನು ನೋಡಿ, ಕೈಗವಸು ಬಿಚ್ಚಿ ಎಸೆದು ಹೋದ ಮೇಲೆ ಉಳಿದದ್ದೆಲ್ಲ ಅವಳದು. ಒಳಗಿನದನ್ನು ಒಳಗೆ ಸೇರಿಸಬೇಕು. ಕತ್ತಿನಿಂದ ಕಿಬ್ಬೊಟ್ಟೆಯವರೆಗೆ ಹೊಲಿಯಬೇಕು. ನೀರು ಸುರಿದು ತೊಳೆಯಬೇಕು. ಬಟ್ಟೆ ಸುತ್ತಬೇಕು. ಆಸ್ಪತ್ರೆ ಅವಳಿಗೆ ಕೊಡುತ್ತಿದ್ದದ್ದು ಗೋಣಿಚೀಲ ಹೊಲಿಯುವ ದಬ್ಬಣ, ಗೋಣಿಚೀಲದ ದಾರ. ಸತ್ತವರ ಚರ್ಮ ದಪ್ಪವಾಗಿರುತ್ತದಂತೆ. ಒಂದೊಂದು ಸಲ ಎಳೆಯುವಾಗಲೂ ಬಲಭುಜದಿಂದ ಎಳೆಯಬೇಕು. ಅಮ್ಮನ ಬಲಭುಜ ಎಡಭುಜಕ್ಕಿಂತ ಕೆಳಗಿತ್ತು. ಹಿಂದಿನಿಂದ ನೋಡಿದರೆ ಅವಳು ಯಾವಾಗಲೂ ಒಂದು ಬಕೆಟ್ ಹಿಡಿದು ನಡೆಯುತ್ತಿದ್ದಾಳೆ ಅನಿಸುತ್ತಿತ್ತು.

ಅವಳ ಕೈತುತ್ತು ನಾನು ಉಂಡವಳಲ್ಲ. ನನ್ನ ಜಡೆ ಹಾಕುತ್ತಿದ್ದವಳು ಪಕ್ಕದ ಮನೆಯ ಅತ್ತೆ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದದ್ದೂ ಅವಳೇ. ಅಮ್ಮ ಬಾಗಿಲಲ್ಲಿ ನಿಂತು ‘ಸುಡ್ತಿದೆಯಾ?’ ಎಂದು ಕೇಳುತ್ತಿದ್ದಳು.

ಚಿಕ್ಕವಳಿದ್ದಾಗ ಒಂದು ಸಲ ಗೊಂಬೆಗೆ ಅಂಗಿ ಹೊಲಿಯಲು ಅತ್ತೆಯ ಮನೆಯಿಂದ ಸೂಜಿ ತಂದಿದ್ದೆ. ಅಮ್ಮ ಕಂಡಳು. ಎಂದೂ ಹೊಡೆಯದವಳು ಅಂದು ಹೊಡೆದಳು. ಸೂಜಿ ಕಿತ್ತುಕೊಂಡು ಚರಂಡಿಗೆ ಎಸೆದು, ಆಮೇಲೆ ತಾನೇ ಅತ್ತಳು. ‘ಬಾರದೇ ಇರೋ ಕೆಲಸಕ್ಕೆ ಯಾರೂ ಕರೆಯಲ್ಲ ಮಗಳೇ. ಇದು ನಿನ್ನ ಕೈಗೆ ಬರಲೇಬಾರದು. ಈ ಕೈ ಪೆನ್ನು ಹಿಡೀಲಿ, ಸಾಕು.’

ಇದು ಅಮ್ಮನ ಲೆಕ್ಕಾಚಾರ. ಇದನ್ನು ಅವಳು ಬದುಕಿಡೀ ನಡೆಸಿದಳು. ನನ್ನ ಹರಿದ ಬಟ್ಟೆಗಳು ಪಿನ್ನಿನಲ್ಲಿ ನಿಲ್ಲುತ್ತಿದ್ದವು. ಶಾಲೆಗೆ ಬಂದು ಹೊಲಿಗೆ ಟೀಚರಿಗೆ ಕೈಮುಗಿದು, ‘ಇವಳನ್ನ ನಿಮ್ಮ ಪಿರಿಯಡ್ಡಿಗೆ ಕೂರಿಸ್ಬೇಡಿ’ ಎಂದು ಕೇಳಿಕೊಂಡಳು. ಟೀಚರು ನನಗೇನೋ ಕಾಯಿಲೆ ಎಂದುಕೊಂಡರು. ಹುಡುಗಿಯರೆಲ್ಲ ಬಟ್ಟೆಯ ಮೇಲೆ ಹೂವು ಹೊಲಿಯುವಾಗ ನಾನು ವರಾಂಡದಲ್ಲಿ ನಿಂತಿರುತ್ತಿದ್ದೆ. ಕಿಟಕಿಯಿಂದ ಗುಬ್ಬಿ ನಾಲಗೆ ಚಾಚಿ ಅಣಕಿಸುತ್ತಿದ್ದಳು.

ಗುಬ್ಬಿ ನನ್ನ ಗೆಳತಿ. ಸಣ್ಣ ದನಿ, ಸಣ್ಣ ಹೆಜ್ಜೆ, ಅದಕ್ಕೆ ಆ ಹೆಸರು. ಕಸೂತಿಯಲ್ಲಿ ಪ್ರತಿ ವರ್ಷ ಅವಳಿಗೇ ಬಹುಮಾನ. ಉಳಿದ ಎಲ್ಲದರಲ್ಲಿ ನಾನು ಮೊದಲು, ಅವಳು ಎರಡನೆಯವಳು. ಲ್ಯಾಬ್ ಟೆಕ್ನಿಷಿಯನ್ ಓದಿಗೂ ಒಟ್ಟಿಗೇ ಸೇರಿದೆವು. ಒಂದೇ ಬೆಂಚು, ಒಂದೇ ಪುಸ್ತಕ, ಒಂದೇ ಪರೀಕ್ಷೆ. ಅವಳ ಅಪ್ಪನಿಗೆ ಔಷಧಿ ಅಂಗಡಿ. ‘ನಿಮ್ಮಮ್ಮ ಏನು ಮಾಡ್ತಾರೆ?’ ಎಂದು ಕೆಲಸ ಕೇಳಲು ಹೋದ ಕಡೆಯಲ್ಲೆಲ್ಲ ನನ್ನನ್ನು ಕೇಳಿದರು. ನಾನು ಹೇಳಿದೆ. ‘ಆಯ್ತಮ್ಮ, ಹೇಳಿ ಕಳಿಸ್ತೀವಿ’ ಎಂದರು. ಯಾರೂ ಹೇಳಿ ಕಳಿಸಲಿಲ್ಲ. ಕೊನೆಗೆ ಅಮ್ಮ ದೊಡ್ಡ ಡಾಕ್ಟರ ಕಾಲು ಹಿಡಿದು ಇದೇ ಆಸ್ಪತ್ರೆಯ ಲ್ಯಾಬಿಗೆ ಸೇರಿಸಿದಳು. ಗುಬ್ಬಿಯೂ ಇಲ್ಲಿಗೇ ಬಂದಳು. ಅವಳು ಯಾರ ಕಾಲನ್ನೂ ಹಿಡಿಯಬೇಕಾಗಲಿಲ್ಲ.

ಅವಳನ್ನು ರಕ್ತದ ಮೇಜಿಗೆ ಹಾಕಿದರು, ನನ್ನನ್ನು ಕಫ, ಮಲ, ಮೂತ್ರದ ಮೇಜಿಗೆ. ‘ನಿಂಗೆ ವಾಸನೆ ಅಭ್ಯಾಸ ಇರತ್ತಲ್ಲ’ ಎಂದರು. ದುಡ್ಡು ಕೊಡುವ ರೋಗಿಗಳ ವಾರ್ಡಿಗೆ ರಕ್ತ ತೆಗೆಯಲು ಅವಳು ಹೋದಳು. ಹೊಸ ಮಿಷನ್ ಬಂದಾಗ ತರಬೇತಿಗೆ ಅವಳು ಹೋದಳು. ಮಿಷನ್ ಗೊತ್ತಿದ್ದವಳಿಗೆ ಬಡ್ತಿ. ಬಡ್ತಿ ಬಂದವಳಿಗೆ ಮುಂದಿನ ತರಬೇತಿ. ನಾನು ಕೇಳಲು ಹೋದೆ. ದೊಡ್ಡ ಡಾಕ್ಟರು ಕನ್ನಡಕ ಒರೆಸಿಕೊಳ್ಳುತ್ತ, ‘ನೋಡಮ್ಮ, ಓದಿನ ಫಲ ಎಲ್ಲರಿಗೂ ಒಂದೇ ಥರ ಸಿಗಲ್ಲ. ಅದು ಅವರವರ ಯೋಗ್ಯತೆ ಮೇಲೆ ಹೋಗತ್ತೆ. ನಿನ್ನ ಮಟ್ಟಿಗೆ ನೀನು ಎಲ್ಲಿಂದ ಎಲ್ಲಿಗೆ ಬಂದಿದ್ದೀಯ ನೋಡ್ಕೊ’ ಎಂದರು.

ನೋಡಿಕೊಂಡೆ. ಹೆಣದ ಕೋಣೆಯಿಂದ ಲ್ಯಾಬಿಗೆ ಒಂದೇ ವರಾಂಡ.

ಗುಬ್ಬಿ ಈಗ ಲ್ಯಾಬಿನ ಮುಖ್ಯಸ್ಥೆ. ಎಲ್ಲರಿಗೂ ಮೇಡಂ. ನನ್ನ ಒಂದು ತಿಂಗಳ ಸಂಬಳದಷ್ಟು ಅವಳ ಮಗನ ಟ್ಯೂಷನ್ನಿಗೇ ಹೋಗುತ್ತದೆಂದು ಅವಳೇ ಒಮ್ಮೆ ಬೇಸರದಿಂದ ಹೇಳಿಕೊಂಡಳು. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ಕೆಟ್ಟವಳಲ್ಲ. ಇದ್ದಲ್ಲಿ ಸುಮ್ಮನೆ ಇರುವುದು ಗೊತ್ತಿರುವವಳು.

ಅಮ್ಮ ಸತ್ತಳು. ಶ್ವಾಸಕೋಶ ಕೆಟ್ಟಿತ್ತು. ಅವಳನ್ನು ಯಾರೂ ಕೊಯ್ಯಲಿಲ್ಲ, ಅದೊಂದು ಸಮಾಧಾನ.

ಆಮೇಲೆ ಅವಳು ಲ್ಯಾಬಿಗೆ ಬರತೊಡಗಿದಳು. ಬದುಕಿದ್ದಾಗ ಒಂದು ದಿನವೂ ಒಳಗೆ ಕಾಲಿಟ್ಟವಳಲ್ಲ. ಊಟದ ಡಬ್ಬಿ ಮರೆತು ಬಂದಿದ್ದರೆ ವರಾಂಡದ ಆ ತುದಿಯಲ್ಲಿ ನಿಂತು ಕೈ ಬೀಸುತ್ತಿದ್ದಳು. ಈಗ ನಾನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಕೂಡಲೇ ಬೆನ್ನ ಹಿಂದೆ ಬಂದು ನಿಲ್ಲುತ್ತಾಳೆ. ಹೆಣ ಕೆಡದಂತೆ ಇಡುವ ಫಾರ್ಮಲಿನ್ ವಾಸನೆ. ಜೊತೆಗೆ ಅವಳು ತಿಕ್ಕಿ ತಿಕ್ಕಿ ಮೈ ತೊಳೆಯುತ್ತಿದ್ದ ಬಟ್ಟೆ ಸೋಪಿನ ವಾಸನೆ. ಮಾತಾಡುವುದಿಲ್ಲ, ಮುಟ್ಟುವುದೂ ಇಲ್ಲ. ತಿರುಗಿದರೆ ಇರುವುದಿಲ್ಲ. ನಾನು ತಿರುಗುವುದನ್ನು ಬಿಟ್ಟೆ.

ಅವಳ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಲಿಲ್ಲ. ಹೆಣದ ಕೋಣೆಯ ಬೀಗ ನೋಡಿಕೊಳ್ಳುವ ಮುದುಕನೊಬ್ಬನಿದ್ದಾನೆ. ಎಲ್ಲರೂ ಅವನನ್ನು ಬೀಗದಜ್ಜ ಎನ್ನುತ್ತಾರೆ. ಅವನ ಕೆಲಸ ಬೀಗದವರೆಗೆ, ಅಮ್ಮ ಇರುವಷ್ಟು ದಿನ ಅದರಾಚೆ ಅವನು ಏನನ್ನೂ ಮುಟ್ಟಿದವನಲ್ಲ. ಒಂದು ದಿನ ಅವನು ಲ್ಯಾಬಿಗೆ ಬಂದ. ‘ತಾಯೀ, ಸ್ವಲ್ಪ ಬಾ. ನಿಮ್ಮಮ್ಮ ದಾರ ಎಲ್ಲಿಡ್ತಿದ್ಲೋ, ಸಿಕ್ತಿಲ್ಲ.’ ಹೋಗಿ ಹುಡುಕಿ ಕೊಟ್ಟೆ. ಇನ್ನೊಂದು ದಿನ, ‘ಒಂದು ಕೈ ಹಿಡಿ ತಾಯಿ, ಟೇಬಲ್ಲಿಗೆ ಎತ್ತಬೇಕು.’ ಹಿಡಿದೆ. ಮತ್ತೊಂದು ದಿನ ನೀರು ಸುರಿದೆ. ಅಂದು ಹೆಣ ಹೊಲಿಯಲು ಪಕ್ಕದ ಆಸ್ಪತ್ರೆಯಿಂದ ಒಬ್ಬನನ್ನು ಕರೆಸಿದ್ದರು. ಅವನು ಕುಡಿದು ಬಂದು, ಕೂಲಿ ಸಾಲದೆಂದು ಬೈದು, ಇನ್ನು ಬರಲ್ಲ ಅಂತ ಹೋದ.

ಲ್ಯಾಬಿನಲ್ಲಿ ಎಲ್ಲರೂ ಗಾಜಿನ ಲೋಟದಲ್ಲಿ ಚಹಾ ಕುಡಿಯುತ್ತಾರೆ. ಹೆಣದ ಕೋಣೆಗೆ ಹೋಗಿಬಂದ ಮೇಲೆ ನನಗೆ ಕಾಗದದ ಲೋಟ ಬಂತು.

‘ಇದೇನೇ?’ ಎಂದೆ.

‘ಶುಚಿ ಕಣೇ, ಇನ್ನೇನಲ್ಲ,’ ಎಂದಳು ಗುಬ್ಬಿ. ‘ಇನ್ಫೆಕ್ಷನ್ ಅಂತ ಹುಡುಗೀರು ಹೆದರ್ತಾರೆ.’

‘ದಿನಾ ಬೆಳಗಾದ್ರೆ ಊರವರ ಕೀವು ನೋಡೋ ಹುಡುಗೀರು?’

ಗುಬ್ಬಿ ತನ್ನ ಲೋಟ ತೆಗೆದುಕೊಂಡು ಮಿಷನ್ನಿನ ಕಡೆ ಹೋದಳು.

ಬೀಗದಜ್ಜನಿಗೆ ತಮಾಷೆಯ ಮಾತು. ಶಾಲೆಗೆ ಹೋಗುವ ನನ್ನ ಮಗಳು ಆಸ್ಪತ್ರೆಗೆ ಬಂದಿದ್ದಾಗ ಅವಳ ಗಲ್ಲ ಹಿಡಿದು, ‘ಏನು ಓದ್ತಿದ್ದೀಯ ಪುಟ್ಟಾ?’ ಎಂದ.

‘ವಿಜ್ಞಾನ, ತಾತ.’

‘ಓದು, ಓದು. ಅಜ್ಜಿ ಓದದೆ ಹೊಲಿದ್ಲು, ಅಮ್ಮ ಓದಿ ತೊಳೀತಾಳೆ. ನೀನು ಇನ್ನೂ ದೊಡ್ಡದು ಓದಿ ಬಾ. ನಮಗೂ ಜನ ಬೇಕಲ್ಲ!’ ಎಂದು ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಮಗಳೂ ನಕ್ಕಳು. ಅವಳಿಗೆ ಅರ್ಥವಾಗಿರಲಿಲ್ಲ. ಆ ರಾತ್ರಿ ನಾನು ಅವಳ ಕೈಗಳನ್ನು ನೋಡುತ್ತ ಕೂತೆ. ನಿದ್ದೆಯಲ್ಲಿ ಅಂಗೈ ಮೇಲಾಗಿ ಬಿದ್ದಿದ್ದವು.

ಅದಾಗಿ ಕೆಲವೇ ದಿನಕ್ಕೆ ಆ ಹುಡುಗಿ ಬಂದಳು.

ಮಧ್ಯಾಹ್ನದ ಹೊತ್ತು. ಗೋದಾಮಿನಲ್ಲಿ ಡಬ್ಬ ಪ್ಯಾಕ್ ಮಾಡುವ ಹುಡುಗಿ, ಮೇಲಿನ ಅಟ್ಟಣಿಗೆಯಿಂದ ಕಾಲು ಜಾರಿ ಬಿದ್ದಿದ್ದಳು. ಪೊಲೀಸರು ಬಂದಿದ್ದರು, ಕೊಯ್ಯಲೇಬೇಕಿತ್ತು. ಹೊಸದಾಗಿ ಬಂದಿದ್ದ ಚಿಕ್ಕ ಡಾಕ್ಟರು ಕೊಯ್ದಿದ್ದರು. ಒಳ್ಳೆಯ ಹುಡುಗ. ಹಿಂದಿನ ದಿನವಷ್ಟೇ ಮಗುವೊಂದರ ಸೀಳಿದ ಹಣೆಯನ್ನು ಅವರು ಹೊಲಿದ ಅಂದಕ್ಕೆ ನರ್ಸುಗಳು ಮುಗಿಬಿದ್ದು ನೋಡಿದ್ದರು. ‘ಕಲೇನೇ ಉಳಿಯಲ್ಲ ನೋಡಿ, ಡಾಕ್ಟರ ಕೈಗುಣ!’

ಬೀಗದಜ್ಜ ಲ್ಯಾಬಿಗೆ ಬಂದು ಬಾಗಿಲಲ್ಲಿ ನಿಂತ. ಈ ಸಲ ತಾಯಿ ಎನ್ನಲಿಲ್ಲ. ‘ಡಾಕ್ಟರು ಕರೀತಿದ್ದಾರೆ. ಹೊಲಿಯೋರಿಲ್ಲ.’

ಲ್ಯಾಬಿನಲ್ಲಿ ಎಲ್ಲರ ಕೈ ನಿಂತಿತು. ಗುಬ್ಬಿ ಮಿಷನ್ನಿನ ಪರದೆಯನ್ನೇ ನೋಡುತ್ತಿದ್ದಳು. ಬೆನ್ನ ಹಿಂದೆ ಸೋಪಿನ ವಾಸನೆ ಗಾಢವಾಯಿತು. ನಾನು ಎದ್ದೆ. ಬೇರೆಯವರ ಬಾಯಲ್ಲಿ ಹೇಳಿ ಕಳಿಸಿದರೆ ಮತ್ತೆ ಕರೆಯುತ್ತಾರೆ. ಹೊಲಿಗೆ ಬರುವುದಿಲ್ಲವೆಂದು ಎದುರಿಗೇ ಹೋಗಿ ಹೇಳಿಬರಬೇಕೆಂದುಕೊಂಡೆ.

ಹೆಣದ ಕೋಣೆಯ ಹೊರಗಿನ ಬೆಂಚಿನಲ್ಲಿ ಹುಡುಗಿಯ ತಾಯಿ ಕೂತಿದ್ದಳು. ನನ್ನ ಬಿಳಿ ಕೋಟು ಕಂಡು ಎದ್ದು ನಿಂತಳು. ಅಷ್ಟು ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ.

ಒಳಗೆ ಹುಡುಗಿ ಮಲಗಿದ್ದಳು. ಕತ್ತಿನಿಂದ ಕೆಳಕ್ಕೆ ತೆರೆದಿದ್ದಳು. ಮುಖಕ್ಕೆ ಏನೂ ಆಗಿರಲಿಲ್ಲ. ಕಣ್ಣು ಅರ್ಧ ಮುಚ್ಚಿದ್ದವು. ಬೆರಳ ತುದಿಗಳಲ್ಲಿ ಪ್ಯಾಕಿಂಗ್ ಟೇಪಿನ ಅಂಟು ಕಪ್ಪಾಗಿತ್ತು. ಡಾಕ್ಟರು ಕೈಗವಸು ಇನ್ನೂ ಬಿಚ್ಚಿರಲಿಲ್ಲ.

‘ಬೇಗ ಮುಗಿಸಿಬಿಡಿ. ಹೊರಗೆ ಅವರಮ್ಮ ಕಾಯ್ತಿದ್ದಾರೆ.’

‘ನನಗೆ ಹೊಲಿಯೋಕೆ ಬರಲ್ಲ ಸರ್.’

‘ತಮಾಷೆ ಮಾಡ್ಬೇಡಿ.’

‘ನಾನು ಲ್ಯಾಬಿನವಳು.’

‘ಗೊತ್ತು. ಆದ್ರೆ ನಿಮ್ಮ ತಾಯಿ...’

‘ತಾಯಿಗೆ ಬರ್ತಿತ್ತು. ನನಗೆ ಬರಲ್ಲ.’

ಬೀಗದಜ್ಜ ಬಾಗಿಲಲ್ಲಿ ನಿಂತು, ‘ಬರದೇ ಏನು? ಮೀನಿನ ಮರಿಗೆ ಈಜು ಬರಲ್ಲ ಅಂದ ಹಾಗಾಯ್ತು. ಕೈಗೆ ಕೊಡಿ ಸರ್, ತಾನಾಗೇ ಬರತ್ತೆ’ ಎಂದ.

ಡಾಕ್ಟರು ಉಸಿರು ಬಿಟ್ಟರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಪಾಪದವಳಿಗೆ ಕಲಿಸುತ್ತೇನೆ ಎಂಬ ದಯೆ ಬಂದಿತ್ತು. ‘ಏನೂ ಕಷ್ಟ ಇಲ್ಲಮ್ಮ. ಓದಿದೋರು ನೀವು, ಬೇಗ ಕಲೀತೀರಿ. ನಾನು ತೋರಿಸ್ತೀನಿ ನೋಡಿ’ ಎಂದು ದಬ್ಬಣ ಎತ್ತಿಕೊಂಡರು. ಕತ್ತಿನ ಹತ್ತಿರ ಎರಡು ಅಂಚುಗಳನ್ನು ಬೆರಳಲ್ಲಿ ಹಿಡಿದು ಕೂಡಿಸಿ, ಚುಚ್ಚಿ, ಎಳೆದು, ಗಂಟು ಹಾಕಿದರು. ‘ನೋಡಿದ್ರಾ? ಇಷ್ಟೇ.’

ನಾನು ನೋಡಿದೆ. ಅವರ ಭುಜ ಅಲುಗಲೂ ಇಲ್ಲ. ಮಣಿಕಟ್ಟಿನಲ್ಲೇ ಕೆಲಸ.

‘ಅರ್ಥ ಆಗ್ಲಿಲ್ಲ ಸರ್. ಇನ್ನೊಂದ್ಸಲ.’

ಇನ್ನೊಂದು ಹಾಕಿದರು.

‘ಗಂಟು ಹೇಗೆ ಹಾಕಿದ್ರಿ?’

ಗಂಟು ತೋರಿಸಲು ಮತ್ತೊಂದು ಹಾಕಿದರು.

‘ದಾರ ಎಷ್ಟು ಬಿಗಿ ಇರ್ಬೇಕು?’

‘ಹೀಗೆ. ಜಾಸ್ತಿ ಎಳೆದ್ರೆ ಚರ್ಮ ಸುಕ್ಕಾಗತ್ತೆ, ಮನೆಯೋರಿಗೆ ನೋಡೋಕೆ ಸಂಕಟ ಆಗತ್ತೆ.’ ಹೇಳುತ್ತ ಹೇಳುತ್ತ ಹೊಲಿಗೆ ಎದೆಯವರೆಗೆ ಬಂತು. ಮೊದಲು ನಾನೂ ಬೇಕೆಂದು ಕೇಳುತ್ತಿರಲಿಲ್ಲ, ನಿಜವಾಗಿ ಏನೂ ತಿಳಿಯುತ್ತಿರಲಿಲ್ಲ. ಆಮೇಲೆ ತಿಳಿಯಿತು. ಹೊಲಿಗೆಯಲ್ಲ, ಬೇರೆಯದು. ಈ ಮನುಷ್ಯನಿಗೆ ಇದು ಬರುತ್ತದೆ. ಅಮ್ಮನಿಗಿಂತ ಚೆನ್ನಾಗಿ ಬರುತ್ತದೆ. ಇವರ ಹಿಂದಿನವರಿಗೂ, ಅವರ ಹಿಂದಿನವರಿಗೂ ಬರುತ್ತಿತ್ತು. ಅಷ್ಟು ವರ್ಷ ಅಮ್ಮ ಭುಜ ಇಳಿಸಿಕೊಂಡು ಎಳೆಯುತ್ತಿದ್ದಾಗ, ಪಕ್ಕದ ಕಟ್ಟಡದಲ್ಲಿ ಇಂಥವೇ ಕೈಗಳು ಇದೇ ಕೆಲಸ ಮಾಡಿ ಹೂವಿನ ಹಾರ ಹಾಕಿಸಿಕೊಳ್ಳುತ್ತಿದ್ದವು. ಚರ್ಮದ ಕೆಳಗೆ ಉಸಿರಿದ್ದರೆ ಹೊಲಿಗೆ ಒಂದು ವಿದ್ಯೆ. ಉಸಿರಿಲ್ಲದಿದ್ದರೆ ಅದು ಒಬ್ಬಳ ಹುಟ್ಟು.

ಅಮ್ಮನ ಲೆಕ್ಕಾಚಾರ ತಪ್ಪಾಗಿತ್ತು. ಬಾರದವರನ್ನೂ ಕರೆಯುತ್ತಾರೆ. ಬರುವವರನ್ನು ಕರೆಯುವುದಿಲ್ಲ.

ಡಾಕ್ಟರು ದಬ್ಬಣವನ್ನು ನನ್ನ ಕಡೆ ಚಾಚಿದರು. ‘ಈಗ ಅರ್ಥ ಆಯ್ತಲ್ಲ? ಹಿಡೀರಿ.’

‘ಅರ್ಥ ಆಯ್ತು ಸರ್. ನಿಮಗೆ ಬರತ್ತೆ.’

‘ಅಂದ್ರೆ?’

‘ನೀವೇ ಮುಗಿಸಿ.’

ಅವರ ಮುಖ ಬದಲಾಯಿತು. ‘ಏನಂತ ತಿಳ್ಕೊಂಡಿದ್ದೀಯ ನನ್ನ?’ ಬಹುವಚನ ಹೊರಟುಹೋಗಿತ್ತು. ದಬ್ಬಣವನ್ನು ಟ್ರೇಗೆ ಎಸೆದರು. ಟಣ್ ಎಂದಿತು. ಹುಡುಗಿ ಎದೆಯವರೆಗೆ ಮುಚ್ಚಿ, ಅದರ ಕೆಳಗೆ ತೆರೆದೇ ಇದ್ದಳು.

ಬೀಗದಜ್ಜ ಓಡಿಹೋಗಿ ಗುಬ್ಬಿಯನ್ನು ಕರೆತಂದ. ಅವಳು ಕರ್ಚೀಫಿನಲ್ಲಿ ಮೂಗು ಮುಚ್ಚಿ ಹೊಸಿಲಾಚೆಯೇ ನಿಂತಳು. ಕರ್ಚೀಫಿನ ಮೂಲೆಯಲ್ಲಿ ಅವಳೇ ಹಾಕಿದ ನೀಲಿ ಹೂವು.

‘ಇವತ್ತೊಂದಿನ ಮಾಡಿಬಿಡೇ. ನಾನು ದೊಡ್ಡ ಡಾಕ್ಟರ ಹತ್ರ ಮಾತಾಡ್ತೀನಿ. ನಾಳೆಯಿಂದ ಬೇರೆ ಯಾರನ್ನಾದ್ರೂ...’

‘ನೀನು ಹೊಲಿ. ನಿನಗೆ ಬಹುಮಾನ ಬಂದಿದೆ.’

‘ನಾನಾ?’ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ‘ಏನು ಮಾತಾಡ್ತಿದ್ದೀಯ ನೀನು?’

‘ಒಂದೇ ಬೆಂಚಲ್ಲಿ ಕೂತು ಓದಿದ್ವಿ. ನೀನು ಯಾಕಲ್ಲ, ನಾನು ಯಾಕೆ, ಅದೊಂದು ಹೇಳಿಬಿಡು. ಹೊಲೀತೀನಿ.’

ಅವಳ ಕಣ್ಣು ತುಂಬಿತು. ಕರ್ಚೀಫನ್ನು ಕಣ್ಣಿಗೆ ಒತ್ತಿಕೊಂಡಳು. ಉತ್ತರ ಅವಳಿಗೆ ಗೊತ್ತಿಲ್ಲದ್ದಲ್ಲ.

‘ಬರಲ್ಲ ಅಂದ್ರೆ ಬಿಡಬಹುದು. ಮಾಡಲ್ಲ ಅಂತೀಯಾ?’ ಎಂದರು ಡಾಕ್ಟರು.

‘ಇಷ್ಟೊತ್ತು ಬರಲ್ಲ ಅಂದೆ. ಈಗ ಮಾಡಲ್ಲ ಅಂತಿದ್ದೀನಿ.’

ಹುಡುಗಿಯ ಮುಖ ನೋಡಲಾಗಲಿಲ್ಲ. ಹೊರಗೆ ಬಂದು ಬೆಂಚಿನಲ್ಲಿ ಅವಳ ತಾಯಿಯ ಪಕ್ಕ ಕೂತೆ.

‘ಮುಗೀತಾ ಮೇಡಂ?’

‘ಇಲ್ಲಮ್ಮ. ಅರ್ಧ ಹೊಲಿದಿದೆ. ಇನ್ನರ್ಧಕ್ಕೆ ನನ್ನನ್ನ ಕರೆದಿದ್ರು. ನಾನು ಆ ಕೆಲಸದೋಳಲ್ಲ. ನಮ್ಮಮ್ಮ ಆ ಕೆಲಸ ಮಾಡ್ತಿದ್ಲು, ಅದಕ್ಕೆ ಕರೆದ್ರು.’

ಅವಳು ನನ್ನನ್ನು ನೋಡಿದಳು. ಅಂಗಲಾಚುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದು ಹೆದರಿದ್ದೆ. ಬಿದ್ದಿದ್ದರೆ ನಾನು ಎದ್ದು ಹೋಗಿ ದಬ್ಬಣ ಹಿಡಿಯುತ್ತಿದ್ದೆನೋ ಏನೋ.

‘ಇವಳು ಡಿಗ್ರಿ ಮಾಡಿದ್ಲು,’ ಎಂದಳು. ‘ಫಸ್ಟ್ ಕ್ಲಾಸು. ಆಫೀಸಿನ ಕೆಲಸ ಅಂತ ಕರೆದು ಡಬ್ಬ ಕಟ್ಟೋಕೆ ಹಾಕಿದ್ರು. ನಮ್ಮ ಬೀದಿ ಹೆಸರು ಹೇಳಿದ ಮೇಲೆ ಹಾಗಾಯ್ತು. ಇವತ್ತಲ್ಲ ನಾಳೆ ಮೇಜು ಕೊಡ್ತಾರೆ ಅಮ್ಮ ಅಂತಿದ್ಲು.’

ಆಮೇಲೆ ಎದ್ದಳು. ಯಾರನ್ನೂ ಕೇಳದೆ ಬಾಗಿಲವರೆಗೆ ಹೋದಳು. ನಾನೂ ಹಿಂದೆಯೇ ಹೋದೆ. ‘ಏಯ್, ಒಳಗೆ ಬರಬಾರ್ದು!’ ಎಂದ ಬೀಗದಜ್ಜ. ಅವಳು ಒಳಗೆ ಹೋಗಲಿಲ್ಲ. ಹೊಸಿಲಲ್ಲಿ ನಿಂತಳು. ಮಗಳನ್ನು ನೋಡಿದಳು. ಕಿರುಚಲಿಲ್ಲ. ಡಾಕ್ಟರ ಕಡೆ ತಿರುಗಿ, ‘ಅರ್ಧ ಮಾಡಿದ್ದೀರಲ್ಲಪ್ಪ. ಮುಗಿಸಿಬಿಡಿ’ ಎಂದಳು.

ಬೇಡುವ ದನಿಯಲ್ಲ, ಗದರುವ ದನಿಯೂ ಅಲ್ಲ. ಊಟದ ನಡುವೆ ಎದ್ದ ಮಗನಿಗೆ ಹೇಳುವ ಹಾಗೆ ಹೇಳಿದಳು.

ಡಾಕ್ಟರು ಟ್ರೇಯ ಕಡೆ ತಿರುಗಿದರು. ಬಗ್ಗಿದರು. ದಬ್ಬಣ ಎತ್ತಿಕೊಂಡರು. ತಾಯಿ ನೋಡುತ್ತಲೇ ಇದ್ದಳು. ಸುಕ್ಕಿಲ್ಲದ, ಸಾಲು ತಪ್ಪದ ಹೊಲಿಗೆ. ಬೇಗ ಮುಗಿಯಿತು. ಇಷ್ಟು ಬೇಗ ಮುಗಿಯುವ ಕೆಲಸಕ್ಕೆ ನನ್ನ ಅಮ್ಮನ ಇಡೀ ಜನ್ಮ ಬೇಕಾಗಿತ್ತೇ ಎಂದು ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಕೈಗವಸು ಕಿತ್ತೆಸೆದು ಹೊರಡುವಾಗ ಡಾಕ್ಟರು ನನ್ನ ಮುಂದೆ ನಿಂತರು. ‘ನಿನ್ನ ಓದು ಇವತ್ತಿಗೆ ಮುಗೀತು ಅಂತ ತಿಳ್ಕೊ.’

ಸಂಜೆಯೊಳಗೆ ದೊಡ್ಡ ಡಾಕ್ಟರ ಅಪ್ಪಣೆ ಬಂತು. ಶವದ ಮುಂದೆ ಅವಿಧೇಯತೆ. ವಿಚಾರಣೆ ಆಗುವವರೆಗೆ ಲ್ಯಾಬಿಗೆ ಕಾಲಿಡಕೂಡದು. ಬಯಸಿದರೆ ಹೆಣದ ಕೋಣೆಯಲ್ಲಿ ಕೆಲಸ ಮುಂದುವರಿಸಬಹುದು, ಸಂಬಳ ಕಡಿತವಿಲ್ಲ.

ರಾತ್ರಿ ಮಗಳಿಗೆ ಎಲ್ಲವನ್ನೂ ಹೇಳಿದೆ. ಬೀಗದಜ್ಜನ ತಮಾಷೆ ಅವಳಿಗೆ ಈಗ ಅರ್ಥವಾಯಿತು. ಮತ್ತೆ ನಗಲಿಲ್ಲ.

ಮರುದಿನ ಬೆಳಿಗ್ಗೆ ಲ್ಯಾಬಿಗೇ ಹೋದೆ. ಬಿಳಿ ಕೋಟು ಹಾಕಿಕೊಂಡು ಹೋದೆ. ನನ್ನ ಕುರ್ಚಿ ತೆಗೆದಿದ್ದರು. ಹುಡುಗಿಯರು ತಲೆ ತಗ್ಗಿಸಿದರು. ಗುಬ್ಬಿ ಓಡಿಬಂದು ಪಿಸುಗುಟ್ಟಿದಳು, ‘ಬರಬೇಡ ಅಂದಿದ್ದಾರಲ್ಲೇ, ನನಗೂ ಕುತ್ತು ತರ್ತೀಯ. ಸೆಕ್ಯೂರಿಟಿನ ಕರೀಬೇಕಾಗತ್ತೆ.’

‘ಕರಿ.’

ನಿಂತುಕೊಂಡೇ ಮೈಕ್ರೋಸ್ಕೋಪಿಗೆ ಬಗ್ಗಿದೆ. ಬೆನ್ನ ಹಿಂದೆ ಯಾರೋ ಬಂದು ನಿಂತರು. ಸೋಪಿನ ವಾಸನೆ ಇರಲಿಲ್ಲ. ಅಂಟಿನ ವಾಸನೆ. ಅಮ್ಮನಲ್ಲ. ಅಮ್ಮ ಹಿಂದಿನ ಮಧ್ಯಾಹ್ನದಿಂದ ಬಂದಿರಲಿಲ್ಲ. ಇದು ಆ ಹುಡುಗಿ.

‘ಅಕ್ಕಾ,’ ಎಂದಳು. ‘ಅಷ್ಟು ಹೊತ್ತು ನನ್ನ ಹಾಗೇ ಬಿಟ್ಟಿರಲ್ಲ.’

ಕಣ್ಣು ತೆಗೆಯಲಿಲ್ಲ. ಬಿಟ್ಟೆ ಕಣೇ. ನಿನ್ನನ್ನು ಹಾಗೆ ಬಿಟ್ಟದ್ದು ನನ್ನ ಮೈಮೇಲೆ ಇದೆ, ಇಳಿಯುವುದಿಲ್ಲ. ಆದರೆ ನಿನ್ನ ಹೊಲಿಗೆ ಡಾಕ್ಟರೇ ಹಾಕಿದರು. ಹಾಗೆ ಹಾಕಿಸಿಕೊಂಡವರಲ್ಲಿ ನೀನು ಮೊದಲನೆಯವಳು.

ವರಾಂಡದಲ್ಲಿ ಬೂಟಿನ ಸದ್ದು ಹತ್ತಿರ ಬರುತ್ತಿತ್ತು. ಎರಡು ಕೈಯಲ್ಲೂ ಮೇಜಿನ ಅಂಚು ಹಿಡಿದುಕೊಂಡೆ.